ವೈಬ್ರೇಟರ್ ಹಾಕಿದರೆ ಆರ್‌ಸಿಸಿಬಿ ಟ್ರಿಪ್ ಆಗುತ್ತಿದೆ. ಸ್ಲ್ಯಾಬ್ ದಿನ ಅದನ್ನು ತಪ್ಪಿಸಿ ಡೈರೆಕ್ಟ್ ಕೊಡೋಣ ಅಂತಿದ್ದಾರೆ, ಒಪ್ಪಬಹುದಾ?

ಗುಡ್ಡದಮನೆ (ಹೊಸನಗರ):

ಎಲ್ಲರಿಗೂ ನಮಸ್ಕಾರ. ಹೊಸನಗರದ ಹತ್ತಿರ ನಮ್ಮ ತೋಟದ ಮೇಲ್ಗಡೆ ಮನೆ ಕಟ್ಟಿಸುತ್ತಿದ್ದೇವೆ. ಗೋಡೆ ಜಂಬಿಟ್ಟಿಗೆಯದು, ಮೇಲೆ ಆರ್‌ಸಿಸಿ. ಸೆಂಟ್ರಿಂಗ್ ಶೀಟು ಹೊಡೆದಾಗಿದೆ, ಈಗ ಕಂಬಿ ಕಟ್ಟುತ್ತಿದ್ದಾರೆ. ಯಜಮಾನರು ಕೆಲಸದ ಮೇಲೆ ಬೇರೆ ಊರಿನಲ್ಲಿರುವುದರಿಂದ ಸೈಟ್ ನೋಡಿಕೊಳ್ಳುವುದು ನಾನೇ. ರೋಹಿಣಿ ಮಳೆ ಶುರುವಾಗಿದೆ. ಮೃಗಶಿರ ಹಿಡಿದುಕೊಳ್ಳುವ ಮೊದಲು ಸ್ಲ್ಯಾಬ್ ಮುಗಿಸಿಬಿಡಬೇಕು ಅಂತ ಎಲ್ಲರಿಗೂ ಅವಸರ.

ಲಿಂಟಲ್ ಕಾಂಕ್ರೀಟ್ ಹಾಕಿದ ದಿನ ವೈಬ್ರೇಟರ್ (ಹಸಿ ಕಾಂಕ್ರೀಟನ್ನು ಅದುರಿಸಿ ಕೂರಿಸುವ ಮಷಿನ್) ಹಿಡಿದಿದ್ದ ಹುಡುಗನಿಗೆ ಶಾಕ್ ಹೊಡೆಯಿತು. ಕೈ ಬಿಡಿಸಿಕೊಳ್ಳಲು ಆಗಲಿಲ್ಲ ಅವನಿಗೆ. ಬಾಯಿಂದ ಮಾತೂ ಬರುತ್ತಿರಲಿಲ್ಲ. ಪುಣ್ಯಕ್ಕೆ ಕೆಳಗಿದ್ದ ಒಬ್ಬರು ನೋಡಿ, ಬೋರ್ಡ್ ಹತ್ತಿರ ಓಡಿ ಸ್ವಿಚ್ ಆರಿಸಿದರು. ಹುಡುಗ ಹಾವೇರಿ ಕಡೆಯವನು, ಇನ್ನೂ ಚಿಕ್ಕ ಪ್ರಾಯ. ಸ್ವಲ್ಪ ಹೊತ್ತು ಕೂತಿದ್ದು, "ಏನೂ ಆಗಿಲ್ಲ ಅಕ್ಕಾ" ಅಂದು ಮತ್ತೆ ಕೆಲಸಕ್ಕೆ ನಿಂತ. ನನಗಂತೂ ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಪೇಟೆಗೆ ಹೋಗಿ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಿತ್ತುಹಾಕುವ ಸ್ವಿಚ್) ತಂದು, ಹಠ ಮಾಡಿ ಹಾಕಿಸಿದೆ.

ಅಲ್ಲಿಂದ ಶುರುವಾಯಿತು ನೋಡಿ. ವೈಬ್ರೇಟರ್ ಚಾಲೂ ಮಾಡಿದರೆ ಆರ್‌ಸಿಸಿಬಿ ಬೀಳುತ್ತದೆ. ಕೆಲವು ದಿನ ಜೋರು ಮಳೆ ಬಂದರೆ ಸಾಕು, ಏನೂ ಹಾಕದೇ ಇದ್ದರೂ ಬೀಳುತ್ತದೆ. ನಮ್ಮ ವೈರ್‌ಮನ್ ಹೇಳುವುದು, "ಹಸಿ ಜಾಗ, ಇದು ಹೀಗೇ ಬೀಳ್ತಾ ಇರ್ತದೆ. ಸ್ಲ್ಯಾಬ್ ದಿನ ಡೈರೆಕ್ಟ್ ಕೊಡೋಣ, ಆಮೇಲೆ ಬೇಕಾದ್ರೆ ಮತ್ತೆ ಹಾಕೋಣ." ಮೇಸ್ತ್ರಿಯೂ ಅದನ್ನೇ ಹೇಳುತ್ತಿದ್ದಾರೆ. ಕಾಂಕ್ರೀಟ್ ಮಧ್ಯೆ ವೈಬ್ರೇಟರ್ ನಿಂತರೆ ಸ್ಲ್ಯಾಬ್‌ನಲ್ಲಿ ಜಾಯಿಂಟ್ ಬೀಳುತ್ತದೆ, ಮುಂದೆ ನಿಮ್ಮ ಮನೆಯೇ ಸೋರುವುದು ಅಂತ. ಇಬ್ಬರೂ ಅನುಭವ ಇರುವವರು. ಆದರೆ ಆ ಹುಡುಗನ ಮುಖ ನೋಡಿದ ಮೇಲೆ ನನಗೆ ಹ್ಞೂಂ ಅನ್ನಲು ಮನಸ್ಸು ಬರುತ್ತಿಲ್ಲ.

ಸೈಟ್‌ನ ವ್ಯವಸ್ಥೆ ಹೀಗಿದೆ. ಕಂಬದಿಂದ ತಾತ್ಕಾಲಿಕ ಕನೆಕ್ಷನ್. ಹಲಸಿನ ಮರದ ಬುಡದಲ್ಲಿ ಹಲಗೆ ಹೊಡೆದು ಮೀಟರ್, 16 ಆಂಪಿನ ಎಂಸಿಬಿ (ಲೋಡ್ ಜಾಸ್ತಿಯಾದರೆ ಬೀಳುವ ಸ್ವಿಚ್), ಈಗ ಈ ಆರ್‌ಸಿಸಿಬಿ. ಮೇಲೆ ಟಾರ್ಪಾಲು. ಅಲ್ಲಿಂದ ಸ್ಲ್ಯಾಬ್‌ವರೆಗೆ ವೈರ್ ಎಳೆದಿದ್ದಾರೆ, ನಡುವೆ ಒಂದು ಕಡೆ ಜಾಯಿಂಟ್ ಮಾಡಿ ಟೇಪ್ ಸುತ್ತಿದ್ದಾರೆ. ಅರ್ಥಿಂಗ್‌ಗೆ ಒಂದು ಸರಳನ್ನು ನೆಲಕ್ಕೆ ಹೊಡೆದಿದ್ದಾರೆ. ಮಿಲ್ಲರ್ (ಕಾಂಕ್ರೀಟ್ ಕಲಸುವ ಮಷಿನ್) ಡೀಸೆಲ್‌ದು, ಅದಕ್ಕೆ ಕರೆಂಟ್ ಬೇಡ. ಇನ್ನೊಂದು ವಿಷಯ, ಮನೆಯ ಹಿಂದಿನ ಮೂಲೆಯ ಆಚೆ 11 ಕೆವಿ ಲೈನ್ ಹಾದುಹೋಗಿದೆ. ಅದರ ಬಗ್ಗೆ ಯಾರೂ ಮಾತಾಡುತ್ತಿಲ್ಲ, ಆದರೆ ನನಗೆ ಅದೂ ಯೋಚನೆ.

ತಿಳಿದವರು ದಯವಿಟ್ಟು ಹೇಳಿ.


ಹಳೇವೈರ್‌ಮನ್ (ಶಿವಮೊಗ್ಗ):

ಅಕ್ಕ, ಒಪ್ಪಬೇಡಿ. ಮೊದಲು ಇಷ್ಟು ಹೇಳಿ ಆಮೇಲೆ ವಿವರ ಬರೆಯುತ್ತೇನೆ. ನಾನು ಶಿವಮೊಗ್ಗದಲ್ಲಿ ಲೈಸೆನ್ಸ್ ಇಟ್ಟುಕೊಂಡು ವೈರಿಂಗ್ ಗುತ್ತಿಗೆ ಮಾಡುವವನು. ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆ ಮಳೆಗಾಲದ ಸೈಟ್‌ಗಳು ಚೆನ್ನಾಗಿ ಗೊತ್ತು.

ನಿಮ್ಮ ಆರ್‌ಸಿಸಿಬಿ ಸುಮ್ನೆ ಬೀಳುತ್ತಿಲ್ಲ. ಹೋಗುವ ಕರೆಂಟು ಎಷ್ಟು, ವಾಪಸ್ ಬರುವ ಕರೆಂಟು ಎಷ್ಟು ಅಂತ ಅದು ಒಳಗೆ ಅಳೆಯುತ್ತಾ ಇರುತ್ತದೆ. ಎರಡೂ ಸಮ ಇದ್ದರೆ ಅದರ ಪಾಡಿಗೆ ಅದು ಕೂತಿರುತ್ತದೆ. ಎಲ್ಲೋ ದಾರಿ ತಪ್ಪಿ ನೆಲಕ್ಕೋ, ಕಂಬಿಗೋ, ಮನುಷ್ಯನ ಮೈಗೋ 30 ಮಿಲಿಆಂಪ್ ಹೋದರೆ ಅದಕ್ಕೆ ಗೊತ್ತಾಗುತ್ತದೆ, ಸೆಕೆಂಡಿನ ಮೂರನೇ ಒಂದು ಭಾಗದೊಳಗೆ ಲೈನ್ ಕಿತ್ತುಹಾಕುತ್ತದೆ. ಸೋರಿಕೆ ಜಾಸ್ತಿ ಇದ್ದರೆ ಇನ್ನೂ ಬೇಗ. ಅಂದರೆ ಪ್ರತಿ ಸಲ ಬಿದ್ದಾಗಲೂ ಅದು ಹೇಳುತ್ತಿರುವುದು ಒಂದೇ: ಕರೆಂಟು ಎಲ್ಲೋ ಸೋರುತ್ತಿದೆ. ಡೈರೆಕ್ಟ್ ಕೊಟ್ಟರೆ ಸೋರುವುದು ನಿಲ್ಲುವುದಿಲ್ಲ. ಹೇಳುವವರು ಇರುವುದಿಲ್ಲ, ಅಷ್ಟೇ.

"ಎಂಸಿಬಿ ಇದೆಯಲ್ಲ" ಅಂತ ಬಹಳ ಜನ ಕೇಳುತ್ತಾರೆ. ಎಂಸಿಬಿ ಇರುವುದು ವೈರ್ ಸುಡದೇ ಇರಲಿ ಅಂತ. ಮನುಷ್ಯ ಸಾಯದೇ ಇರಲಿ ಅಂತ ಅಲ್ಲ. ಒಂದು ಸಣ್ಣ ಲೆಕ್ಕ ಮಾಡೋಣ. ಒದ್ದೆ ಮೈ, ಬರಿಗಾಲು, ಸಿಮೆಂಟ್ ಹಾಲಿನಲ್ಲಿ ನೆನೆದ ಕೈ ಇರುವವನ ದೇಹದ ರೆಸಿಸ್ಟೆನ್ಸ್ 1000 ಓಮ್ ಅಂತ ಇಟ್ಟುಕೊಳ್ಳಿ. 230 ವೋಲ್ಟಿಗೆ ಅವನ ಮೈಯಲ್ಲಿ ಹರಿಯುವುದು 230 ಮಿಲಿಆಂಪ್. ಹತ್ತು ಮಿಲಿಆಂಪ್ ದಾಟಿದ ಮೇಲೆ ಹಿಡಿದ ಕೈ ಬಿಡಲು ಆಗುವುದಿಲ್ಲ, ನಿಮ್ಮ ಹುಡುಗನಿಗೆ ಆಗಿದ್ದು ಅದೇ. ಐವತ್ತು, ನೂರರ ಹತ್ತಿರ ಬಂದರೆ ಹೃದಯದ ಬಡಿತವೇ ಕೆಡಬಹುದು. ಆದರೆ 230 ಮಿಲಿಆಂಪ್ ಅಂದರೆ ಕಾಲು ಆಂಪ್ ಕೂಡ ಇಲ್ಲ. 16 ಆಂಪಿನ ಎಂಸಿಬಿಗೆ ಅದು ಒಂದು ಬಲ್ಬ್ ಉರಿದ ಹಾಗೆ. ಅಲುಗಾಡುವುದೂ ಇಲ್ಲ.

ಸರಿ, ಅರ್ಥಿಂಗ್ ಇದೆಯಲ್ಲ ಅನ್ನಬಹುದು. ನಮ್ಮ ಜಂಬಿಟ್ಟಿಗೆ ನೆಲದಲ್ಲಿ ಒಂದು ಸರಳು ಹೊಡೆದರೆ ಸಿಗುವ ಅರ್ಥ್ ಬಹಳ ಕಳಪೆ. 20 ಓಮ್ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ವೈಬ್ರೇಟರ್‌ನ ಲೋಹದ ಹೊರಮೈಗೆ (ಬಾಡಿ) ಫೇಸ್, ಅಂದರೆ ಕರೆಂಟ್ ಇರುವ ವೈರ್, ನೇರವಾಗಿ ತಗುಲಿದರೂ ಆ ಅರ್ಥ್ ಮೂಲಕ ಹರಿಯುವುದು 230 ಭಾಗಿಸು 20, ಅಂದರೆ 11.5 ಆಂಪ್. 16 ಆಂಪಿನ ಎಂಸಿಬಿ ಅದಕ್ಕೂ ಬೀಳುವುದಿಲ್ಲ! ಬಾಡಿಯಲ್ಲಿ ಕರೆಂಟ್ ಹಾಗೇ ಕೂತಿರುತ್ತದೆ. ಅದೇ ಜಾಗದಲ್ಲಿ ಆರ್‌ಸಿಸಿಬಿ ಇದ್ದರೆ ಯಾರೂ ಮುಟ್ಟುವ ಮೊದಲೇ ಬಿದ್ದಿರುತ್ತದೆ. ನಮ್ಮ ಕಡೆಯ ನೆಲಕ್ಕೆ ಆರ್‌ಸಿಸಿಬಿ ಬೇಕೇ ಬೇಕು ಅಂತ ನಾನು ಜಗಳ ಮಾಡುವುದು ಇದಕ್ಕೇ.

ಈಗ ಸೋರಿಕೆ ಎಲ್ಲಿ ಅಂತ ಹುಡುಕುವ ಬಗೆ. ಇದನ್ನು ನಿಮ್ಮ ವೈರ್‌ಮನ್ ಕೈಯಲ್ಲೇ ಮಾಡಿಸಿ, ನೀವು ಮುಟ್ಟಬೇಡಿ. ಆ ಹೊತ್ತಿನಲ್ಲಿ ಸ್ಲ್ಯಾಬ್ ಮೇಲೆ ಒಬ್ಬರೂ ಇರಬಾರದು. ಯಾವ ಜಾಯಿಂಟ್ ಬಿಚ್ಚುವುದಿದ್ದರೂ ಮೊದಲು ಮೇನ್ ಆಫ್, ಟೆಸ್ಟರ್ ಹಿಡಿದು ನೋಡಿ, ಆಮೇಲೆ ಕೈ.

ಮೊದಲು ವೈಬ್ರೇಟರ್ ಕಿತ್ತಿಟ್ಟು, ಮನೆಯಲ್ಲಿ ಚೆನ್ನಾಗಿ ನಡೆಯುತ್ತಿರುವ ಇಸ್ತ್ರಿ ಪೆಟ್ಟಿಗೆಯೊಂದನ್ನು ಬೋರ್ಡ್‌ನಲ್ಲೇ ಹಾಕಿ ನೋಡಲಿ. ಅದಕ್ಕೂ ಬಿದ್ದರೆ ವೈರಿಂಗೇ ತಪ್ಪು. ಫೇಸನ್ನು ಆರ್‌ಸಿಸಿಬಿ ಒಳಗಿಂದ ತಂದು ನ್ಯೂಟ್ರಲನ್ನು ಹೊರಗಿಂದ ಕೊಟ್ಟಿರುತ್ತಾರೆ. ಇದು ಬಹಳ ಕಡೆ ಆಗುವ ತಪ್ಪು. ಹೋದದ್ದು ಒಂದು ದಾರಿ, ಬಂದದ್ದು ಇನ್ನೊಂದು ದಾರಿ ಆದರೆ ಆರ್‌ಸಿಸಿಬಿ ಯಾವ ಲೋಡಿಗೂ ನಿಲ್ಲುವುದಿಲ್ಲ. ಬೋರ್ಡ್‌ನಲ್ಲಿ ಹಾಕಿದಾಗ ಬೀಳದೆ, ಅದೇ ಇಸ್ತ್ರಿ ಪೆಟ್ಟಿಗೆ ಉದ್ದದ ವೈರ್‌ನ ಆಚೆ ತುದಿಯಲ್ಲಿ ಹಾಕಿದಾಗ ಬಿದ್ದರೆ ದೋಷ ವೈರ್‌ನಲ್ಲಿದೆ. ನೀವು ಹೇಳಿದ ಆ ಟೇಪ್ ಸುತ್ತಿದ ಜಾಯಿಂಟ್ ಮೇಲೆ ನನಗೆ ಅನುಮಾನ. ಮಳೆ ಬಂದಾಗ ಏನೂ ಹಾಕದೇ ಬೀಳುತ್ತದೆ ಅಂದಿರಲ್ಲ, ಅದಕ್ಕೆ ಕಾರಣ ಬಹುಪಾಲು ಅದೇ. ಇಸ್ತ್ರಿ ಪೆಟ್ಟಿಗೆ ಎರಡೂ ಕಡೆ ನಡೆದು, ವೈಬ್ರೇಟರ್‌ಗೆ ಮಾತ್ರ ಬಿದ್ದರೆ ಕಳ್ಳ ವೈಬ್ರೇಟರೇ. ನಿಮ್ಮದರಲ್ಲಿ ಜಾಯಿಂಟ್ ಮತ್ತು ವೈಬ್ರೇಟರ್ ಎರಡೂ ಕೆಟ್ಟಿರಬಹುದು ಅಂತ ನನ್ನ ಊಹೆ.

ವೈಬ್ರೇಟರನ್ನು ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿ ನೋಡಬೇಕು. 500 ವೋಲ್ಟಿನ ಮೆಗ್ಗರ್‌ನಲ್ಲಿ ವೈಂಡಿಂಗ್‌ಗೂ ಬಾಡಿಗೂ ನಡುವೆ ಒಂದು ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಆ ಮಷಿನ್ ಸೈಟ್‌ಗೆ ಬರಬಾರದು. ಬಾಡಿಗೆ ಮಷಿನ್‌ಗಳನ್ನು ತೊಳೆದು ಹಾಗೇ ಮೂಲೆಗೆ ಎಸೆದಿರುತ್ತಾರೆ, ಟರ್ಮಿನಲ್ ಒಳಗೆ ಸಿಮೆಂಟ್ ಹಾಲು ಸೇರಿ ಗಟ್ಟಿಯಾಗಿರುತ್ತದೆ. ಪ್ಲಗ್ ಬಿಚ್ಚಿಸಿ ಹಸಿರು ವೈರ್ ದೊಡ್ಡ ಪಿನ್ನಿಗೆ ಸೇರಿದೆಯಾ ನೋಡಿಸಿ. ಎಷ್ಟೋ ಮಷಿನ್‌ಗಳಲ್ಲಿ ಆ ವೈರನ್ನೇ ಕತ್ತರಿಸಿ ಬಿಟ್ಟಿರುತ್ತಾರೆ. ಇನ್ನು ಕೆಲವರು ಅರ್ಥ್ ಪಿನ್ನಿಗೆ ನ್ಯೂಟ್ರಲ್ ಲೂಪ್ ಕೊಡುತ್ತಾರೆ, ಅದು ಇನ್ನೂ ಅಪಾಯ. ನ್ಯೂಟ್ರಲ್ ಎಲ್ಲಾದರೂ ಕಿತ್ತರೆ ಮಷಿನ್ ಬಾಡಿಯೇ ಫೇಸ್ ಆಗುತ್ತದೆ.

ವೈರ್ ವಿಷಯ. ಸ್ಲ್ಯಾಬ್ ಅಂದರೆ ಕಬ್ಬಿಣದ ಶೀಟು, ಕಬ್ಬಿಣದ ಜಾಕಿ, ಮೇಲೆ ಕಂಬಿಯ ಜಾಲ. ಎಲ್ಲಾ ಒಂದಕ್ಕೊಂದು ತಾಗಿಕೊಂಡಿರುತ್ತವೆ. ಒಂದು ಮೂಲೆಯಲ್ಲಿ ವೈರ್ ಸುಲಿದು ಶೀಟಿಗೆ ತಗುಲಿದರೆ ಇನ್ನೊಂದು ಮೂಲೆಯಲ್ಲಿ ಬಾಂಡ್ಲಿ ಹಿಡಿದವನಿಗೂ ಹೊಡೆಯುತ್ತದೆ. ಆದ್ದರಿಂದ ವೈರ್ ಶೀಟಿನ ಮೇಲೆ, ಕಂಬಿಯ ಮೇಲೆ ಎಳೆದಾಡಲೇಬಾರದು. ಅಡಿಕೆ ದಬ್ಬೆಯನ್ನೋ ಬಿದಿರನ್ನೋ ನಿಲ್ಲಿಸಿ, ತಲೆಗಿಂತ ಮೇಲೆ ಕಟ್ಟಿಸಿ. ಮೂರು ಕೋರಿನ, ರಬ್ಬರ್ ಹೊದಿಕೆಯ, ಜಾಯಿಂಟೇ ಇಲ್ಲದ ಒಂದೇ ತುಂಡು ಕೇಬಲ್ ತನ್ನಿ. ದುಡ್ಡು ಸ್ವಲ್ಪ ಜಾಸ್ತಿ, ಆದರೆ ಮನೆ ಮುಗಿಯುವವರೆಗೂ ಬರುತ್ತದೆ. ಪ್ಲಗ್ ಇಲ್ಲದೆ ವೈರ್ ತುದಿ ಸುಲಿದು ಸಾಕೆಟ್‌ಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸುವುದನ್ನು ಕಂಡರೆ ಅಲ್ಲೇ ನಿಲ್ಲಿಸಿ. ಸೈಟ್ ನಿಮ್ಮದು, ಹೇಳುವ ಹಕ್ಕು ನಿಮಗಿದೆ.

ಅರ್ಥಿಂಗ್‌ಗೆ ಆ ಸರಳು ಸಾಲದು. ಎರಡೂವರೆ ಮೀಟರಿನ ಜಿಐ ಪೈಪು, ಸುತ್ತ ಇದ್ದಿಲು ಉಪ್ಪು ಹಾಕಿ, ನೀರು ಹೋಗುವ ಕಡೆ ಗುಂಡಿ ತೆಗೆಸಿ ಹೂಳಿಸಿ. ಮುಂದೆ ಮನೆಗೂ ಅದೇ ಆಗುತ್ತದೆ. ಕಲ್ಲು ಸಿಕ್ಕಿ ಆಳ ಹೋಗದಿದ್ದರೆ ದೂರ ದೂರ ಎರಡು ಹಾಕಿ ಸೇರಿಸಲಿ. ಬೇಸಿಗೆಯಲ್ಲಿ ಆಗಾಗ ನೀರು ಬಿಡಿ.

ಇನ್ನೊಂದು ಮಾತು ಎಲ್ಲರಿಗೂ. ಆರ್‌ಸಿಸಿಬಿ ಮೇಲೆ ಟಿ ಅಂತ ಬರೆದ ಗುಂಡಿ ಇರುತ್ತದೆ. ಸೈಟ್‌ನಲ್ಲಿ ಪ್ರತಿದಿನ ಬೆಳಿಗ್ಗೆ ಕೆಲಸ ಶುರು ಮಾಡುವ ಮೊದಲು ಅದನ್ನು ಒತ್ತಿ. ಬೀಳದಿದ್ದರೆ ಆರ್‌ಸಿಸಿಬಿ ಹೋಗಿದೆ ಅಂತ ಅರ್ಥ, ಬದಲಾಯಿಸಿ. ಆದರೆ ಗುಂಡಿ ಒತ್ತಿದಾಗ ಬಿತ್ತು ಅಂದ ಮಾತ್ರಕ್ಕೆ ಅರ್ಥಿಂಗ್ ಸರಿ ಇದೆ ಅಂತ ತಿಳಿಯಬೇಡಿ. ಆ ಗುಂಡಿಗೂ ಅರ್ಥಿಂಗ್‌ಗೂ ಸಂಬಂಧವೇ ಇಲ್ಲ. ಅರ್ಥ್ ವೈರ್ ಇಲ್ಲದೇ ಇದ್ದರೂ ಬೀಳುತ್ತದೆ. ಅರ್ಥಿಂಗ್ ನೋಡಲು ಅರ್ಥ್ ಟೆಸ್ಟರ್ರೇ ಬೇಕು. ಹಾಗೆಯೇ ಫೇಸ್ ಒಂದು ಕೈಯಲ್ಲಿ, ನ್ಯೂಟ್ರಲ್ ಇನ್ನೊಂದು ಕೈಯಲ್ಲಿ ಹಿಡಿದವನನ್ನು ಆರ್‌ಸಿಸಿಬಿ ಉಳಿಸುವುದಿಲ್ಲ. ಅದಕ್ಕೆ ಅವನೂ ಒಂದು ಬಲ್ಬ್ ಇದ್ದ ಹಾಗೆಯೇ ಕಾಣುತ್ತಾನೆ.

ಕೊನೆಗೆ, ನಾನು ನಿಮ್ಮ ಜಾಗದಲ್ಲಿದ್ದರೆ ಸ್ಲ್ಯಾಬ್ ದಿನಕ್ಕೆ ಪೆಟ್ರೋಲ್ ವೈಬ್ರೇಟರ್ ಬಾಡಿಗೆಗೆ ತರುತ್ತಿದ್ದೆ. ತೆರೆದ ಸ್ಲ್ಯಾಬ್ ಮೇಲೆ ಹೊಗೆಯ ತೊಂದರೆ ಇಲ್ಲ. ಸ್ಲ್ಯಾಬ್ ಮೇಲೆ ಕರೆಂಟೇ ಇಲ್ಲದಿದ್ದರೆ ಶಾಕ್ ಎಲ್ಲಿಂದ ಬರಬೇಕು?


ಸೆಂಟ್ರಿಂಗ್‌ಅಣ್ಣ (ಸಾಗರ):

ಹಳೇವೈರ್‌ಮನ್ ಸರ್, ನೀವು ಹೇಳಿದ್ದೆಲ್ಲ ಸರಿ. ಆದರೆ ಮೇಸ್ತ್ರಿಯ ಕಷ್ಟವನ್ನೂ ಸ್ವಲ್ಪ ನೋಡಿ. ಸ್ಲ್ಯಾಬ್ ಅಂದರೆ ಮೂವತ್ತು ಆಳು ಬೆಳಿಗ್ಗೆ ಬಂದು ನಿಂತಿರುತ್ತಾರೆ. ಒಂದು ಸಲ ಸುರಿಯಲು ಶುರು ಮಾಡಿದರೆ ನಿಲ್ಲಿಸುವ ಹಾಗಿಲ್ಲ. ಅರ್ಧ ಸೆಟ್ ಆದ ಕಾಂಕ್ರೀಟಿಗೆ ಹೊಸದು ಸೇರಿಸಿದರೆ ಅಲ್ಲೇ ಗೆರೆ ಬಿಡುತ್ತದೆ, ನಮ್ಮ ಮಳೆಗೆ ಅಲ್ಲಿಂದಲೇ ನೀರು ಇಳಿಯುತ್ತದೆ. ಹತ್ತು ವರ್ಷ ಆದ ಮೇಲೂ ಯಜಮಾನರು ಫೋನ್ ಮಾಡಿ ಬೈಯುವುದು ನಮಗೇ. ಆ ಹೆದರಿಕೆಗೆ ಮೇಸ್ತ್ರಿಗಳು "ಡೈರೆಕ್ಟ್ ಕೊಡಿ" ಅನ್ನುತ್ತಾರೆ. ಆಳುಗಳ ಮೇಲೆ ಪ್ರೀತಿ ಇಲ್ಲ ಅಂತಲ್ಲ.

ನಾನು ಈಗ ಮಾಡುವುದು ಹೀಗೆ. ಸ್ಲ್ಯಾಬ್‌ಗೆ ಎರಡು ವೈಬ್ರೇಟರ್ ಬೇಕು ಅಂತ ಯಜಮಾನರಿಗೆ ಮೊದಲೇ ಹೇಳುತ್ತೇನೆ. ಒಂದು ಪೆಟ್ರೋಲ್, ಒಂದು ಕರೆಂಟಿನದು. ಎರಡನ್ನೂ ಹಿಂದಿನ ದಿನವೇ ತರಿಸಿ ನೆಲದ ಮೇಲೆ ಓಡಿಸಿ ನೋಡುತ್ತೇವೆ. ಬೆಳಿಗ್ಗೆ ಎದ್ದು ಮಿಲ್ಲರ್ ತಿರುಗುವಾಗ ಮಷಿನ್ ಟ್ರಿಪ್ ಮಾಡುತ್ತದೆ ಅಂತ ಗೊತ್ತಾದರೆ ಯಾರಿಗೂ ತಾಳ್ಮೆ ಇರುವುದಿಲ್ಲ. ಆಗಲೇ ತಪ್ಪು ನಿರ್ಧಾರ ಆಗುವುದು.

ಇನ್ನು ಆ 11 ಕೆವಿ ಲೈನ್. ಅಕ್ಕ, ಅದರ ಬಗ್ಗೆ ನಿಮಗಿರುವ ಯೋಚನೆ ಸರಿಯಾಗಿದೆ, ಅದನ್ನು ಸಣ್ಣದು ಅಂದುಕೊಳ್ಳಬೇಡಿ. ಕಂಬಿ ಬರುವುದು 40 ಅಡಿ ಉದ್ದಕ್ಕೆ. ಕೆಳಗಿಂದ ಮೇಲೆ ಕೊಡುವಾಗ ಒಬ್ಬ ಕೆಳಗೆ ತುದಿ ಹಿಡಿದು ನೆಟ್ಟಗೆ ನಿಲ್ಲಿಸುತ್ತಾನೆ, ಮೇಲಿನವನು ಎಳೆದುಕೊಳ್ಳುತ್ತಾನೆ. ಆ ನಡುವೆ ಕಂಬಿ ಓಲಾಡಿದರೆ ಲೈನಿಗೆ ಬಡಿಯುತ್ತದೆ. ಕೆಳಗಿನವನೂ ಹೋಗುತ್ತಾನೆ, ಮೇಲಿನವನೂ ಹೋಗುತ್ತಾನೆ. ಅಲ್ಲಿ ನಿಮ್ಮ ಬೋರ್ಡ್‌ನ ಆರ್‌ಸಿಸಿಬಿ ಏನೂ ಮಾಡುವುದಿಲ್ಲ, ಆ ಕರೆಂಟ್ ಬರುವ ದಾರಿಯೇ ಬೇರೆ. ಹಿಂದಿನ ಮೂಲೆ ಕಡೆ ಕಂಬಿ ಇಳಿಸಲೇಬೇಡಿ, ಲೋಡ್ ಮುಂದೆ ಹಾಕಿಸಿ. ಬೇಕಾದ ಅಳತೆಗೆ ನೆಲದಲ್ಲೇ ಕತ್ತರಿಸಿ, ಅಡ್ಡ ಹಿಡಿದು, ಮುಂದಿನ ಕಡೆಯಿಂದಲೇ ಮೇಲೆ ಕೊಡಲಿ. ಅಲ್ಯೂಮಿನಿಯಂ ಏಣಿ, ಟೇಪಿನ ಬದಲು ಕಂಬಿಯಲ್ಲಿ ಅಳೆಯುವುದು, ಉದ್ದನೆ ಪೈಪು, ಇವೂ ಅಷ್ಟೇ. ತೋಟದಲ್ಲಿ ಮದ್ದು ಹೊಡೆಯುವ ಫೈಬರ್ ದೋಟಿ ಇದ್ದರೆ ಅದನ್ನೂ ಆ ಕಡೆ ಎತ್ತಬೇಡಿ, ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಹರಿಯುತ್ತದೆ.

ಹಾಂ, ನಿಮ್ಮ ಆಳುಗಳ ಹತ್ತಿರ ಕಾರ್ಮಿಕ ಕಾರ್ಡ್ ಇದೆಯಾ ಕೇಳಿ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60ರೊಳಗಿನವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಅಪಘಾತ ಆದರೆ ಮನೆಯವರಿಗೆ ಪರಿಹಾರ ಸಿಗುತ್ತದೆ. ಬಹಳ ಹುಡುಗರು ಮಾಡಿಸಿಕೊಂಡೇ ಇರುವುದಿಲ್ಲ.


ತುಂಗಾತೀರ (ತೀರ್ಥಹಳ್ಳಿ):

ಲೈನ್ ವಿಷಯಕ್ಕೆ ಸ್ವಲ್ಪ ಸೇರಿಸುತ್ತೇನೆ. ನಾನು ಸಿವಿಲ್ ಎಂಜಿನಿಯರ್. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದಂತೆ 11 ಕೆವಿ ಲೈನಿಗೂ ಕಟ್ಟಡಕ್ಕೂ ಅಡ್ಡಕ್ಕೆ 1.2 ಮೀಟರ್, ಲೈನ್ ಕಟ್ಟಡದ ಮೇಲೆಯೇ ಹಾದಿದ್ದರೆ ಎತ್ತರಕ್ಕೆ 3.7 ಮೀಟರ್ ಅಂತರ ಇರಲೇಬೇಕು. ಗಾಳಿಗೆ ತಂತಿ ತೂಗಿದಾಗಲೂ ಅಷ್ಟು ಉಳಿಯಬೇಕು, ನಿಂತ ತಂತಿಗೆ ಅಳೆದರೆ ಸಾಲದು. ಮತ್ತೆ ಸಜ್ಜಾ ತುದಿಯಿಂದ ಅಳೆಯಿರಿ, ಗೋಡೆಯಿಂದ ಅಲ್ಲ. ಪ್ಲಾನ್‌ನಲ್ಲಿ ಗೋಡೆ ಮಾತ್ರ ನೋಡಿ ಸರಿ ಇದೆ ಅಂದಿರುತ್ತಾರೆ, ಸಜ್ಜಾ ಎರಡು ಅಡಿ ಮುಂದೆ ಬಂದಿರುತ್ತದೆ.

ಆದರೆ ಈ ಅಂತರ ಕಟ್ಟಿ ಮುಗಿದ ಕಟ್ಟಡಕ್ಕೆ. ಕೆಲಸ ನಡೆಯುವಾಗ 40 ಅಡಿ ಕಂಬಿ ಹಿಡಿದು ಓಡಾಡುವವರಿಗೆ 1.2 ಮೀಟರ್ ಏನೇನೂ ಅಲ್ಲ. ಲೈನ್ ಹತ್ತಿರ ಕಟ್ಟುವ ಮೊದಲು ವಿದ್ಯುತ್ ಕಂಪನಿಗೆ ಬರೆದು ತಿಳಿಸಬೇಕು ಅಂತಲೂ ನಿಯಮ ಇದೆ. ನಮ್ಮ ಜಿಲ್ಲೆಗೆ ಮೆಸ್ಕಾಂ. ಸೆಕ್ಷನ್ ಆಫೀಸಿಗೆ ಹೋಗಿ ಅರ್ಜಿ ಕೊಡಿ, ಬಂದು ಅಳೆದುಕೊಂಡು ಹೋಗುತ್ತಾರೆ. ಅಂತರ ಕಡಿಮೆ ಇದ್ದರೆ ಲೈನ್ ಸರಿಸಲು ಎಸ್ಟಿಮೇಟ್ ಕೊಡುತ್ತಾರೆ, ಖರ್ಚು ನಿಮ್ಮದಾಗುತ್ತದೆ. ಹಿಂದಿನ ಮೂಲೆಯ ಕಂಬಿ ಕೆಲಸಕ್ಕೆ, ಸೆಂಟ್ರಿಂಗ್ ಬಿಚ್ಚುವ ದಿನಕ್ಕೆ ಲೈನ್ ಆಫ್ ಬೇಕಿದ್ದರೆ ಅದನ್ನೂ ಮೊದಲೇ ಕೇಳಿ. ಎಲ್‌ಸಿ (ಲೈನ್ ಆಫ್ ಮಾಡಿ ಕೆಲಸ ಮಾಡಲು ಕೊಡುವ ಅಧಿಕೃತ ಅನುಮತಿ) ತಗೊಳ್ಳುವುದು ಅವರ ಕೆಲಸ. ಪರಿಚಯದ ಲೈನ್‌ಮನ್‌ಗೆ ಫೋನ್ ಮಾಡಿ "ಸ್ವಲ್ಪ ಆಫ್ ಮಾಡು" ಅನ್ನುವುದು ಬೇಡ. ಅವನಿಗೂ ಅಪಾಯ, ನಿಮಗೂ ಯಾವಾಗ ವಾಪಸ್ ಚಾರ್ಜ್ ಮಾಡುತ್ತಾರೆ ಅಂತ ಗೊತ್ತಿರುವುದಿಲ್ಲ.

ಕೆಲವರು ತಂತಿಗೆ ಪಿವಿಸಿ ಪೈಪ್ ಸೀಳಿ ಹಾಕಿಸುತ್ತಾರೆ. 11 ಕೆವಿಗೆ ಅದು ರಕ್ಷಣೆಯೇ ಅಲ್ಲ. ನೋಡಿದವರಿಗೆ ಧೈರ್ಯ ಬರುತ್ತದೆ, ಆ ಧೈರ್ಯವೇ ಕೆಟ್ಟದ್ದು.

ಇನ್ನೊಂದು, ಬ್ರಿಟನ್‌ನಲ್ಲಿ ಸೈಟ್ ಮಷಿನ್‌ಗಳನ್ನು 110 ವೋಲ್ಟಿನ ಟ್ರಾನ್ಸ್‌ಫಾರ್ಮರ್‌ನಲ್ಲಿ ಓಡಿಸುತ್ತಾರೆ. ಅದರ ನಡುವಿನ ಟ್ಯಾಪನ್ನು ಅರ್ಥ್ ಮಾಡಿರುವುದರಿಂದ ಮನುಷ್ಯನಿಗೆ ನೆಲದ ಮೂಲಕ ತಗುಲುವುದು ಹೆಚ್ಚೆಂದರೆ 55 ವೋಲ್ಟ್. ನಮ್ಮಲ್ಲೂ ಅಂಥದ್ದು ಬರಬೇಕು ಅಂತ ನನಗೆ ಬಹಳ ಆಸೆ.


ಹಳೇವೈರ್‌ಮನ್ (ಶಿವಮೊಗ್ಗ):

ಎಂಜಿನಿಯರ್ ಸರ್, ಒಳ್ಳೆಯದೇ. ಆದರೆ ಅದಕ್ಕೆ ಮಷಿನ್‌ಗಳೂ 110 ವೋಲ್ಟಿನವೇ ಬೇಕು. ನಮ್ಮ ಬಾಡಿಗೆ ಅಂಗಡಿಗಳಲ್ಲಿ ಇರುವುದೆಲ್ಲ 230ರದ್ದು. ಈಗ ಕೈಗೆಟಕುವುದು ಬ್ಯಾಟರಿ ಡ್ರಿಲ್ಲು, ಬ್ಯಾಟರಿ ಗ್ರೈಂಡರ್. ಸಣ್ಣ ಕೆಲಸಕ್ಕೆ ಅವು ಧಾರಾಳ ಸಾಕು. ಕರೆಂಟಿನದ್ದೇ ಕೊಳ್ಳುವುದಾದರೆ ಚೌಕದೊಳಗೆ ಚೌಕದ ಗುರುತು ಇರುವ, ಡಬಲ್ ಇನ್ಸುಲೇಷನ್‌ನ ಮಷಿನ್ ತಗೊಳ್ಳಿ. ಅದೂ ಆರ್‌ಸಿಸಿಬಿ ಹಿಂದೆಯೇ ಓಡಬೇಕು.

ಸೆಂಟ್ರಿಂಗ್ ಅಣ್ಣ ಹೇಳಿದ ಹಿಂದಿನ ದಿನದ ಪರೀಕ್ಷೆ ನೂರಕ್ಕೆ ನೂರು ಸರಿ. ಜೊತೆಗೆ ಬೋರ್ಡ್‌ನಲ್ಲಿ ಎರಡು ಆರ್‌ಸಿಸಿಬಿ ಹಾಕಿಸಿ. ವೈಬ್ರೇಟರ್‌ಗೆ ಒಂದು, ನೀರಿನ ಪಂಪು ಮತ್ತು ಲೈಟಿಗೆ ಇನ್ನೊಂದು. ಪಂಪಿನಲ್ಲಿ ಸೋರಿದರೆ ವೈಬ್ರೇಟರ್ ನಿಲ್ಲುವುದಿಲ್ಲ. ಎರಡರ ನ್ಯೂಟ್ರಲ್ ಮಾತ್ರ ಆಮೇಲೆ ಎಲ್ಲೂ ಸೇರಬಾರದು, ಸೇರಿದರೆ ಎರಡೂ ಬೀಳುತ್ತವೆ.


ವಾರ್ಡ್‌ಸಿಸ್ಟರ್ (ಭದ್ರಾವತಿ):

ಎಲ್ಲರೂ ಶಾಕ್ ಆಗದ ಹಾಗೆ ಮಾಡುವುದನ್ನು ಹೇಳಿದಿರಿ. ಆದಾಗ ಮಾಡುವುದನ್ನೂ ಸೈಟ್‌ನಲ್ಲಿ ನಾಲ್ಕು ಜನಕ್ಕಾದರೂ ಕಲಿಸಿ.

ಮೊದಲು ಆ ಹುಡುಗನ ಮಾತು. ಕೈ ಬಿಡಿಸಿಕೊಳ್ಳಲು ಆಗದಷ್ಟು ಶಾಕ್ ಆದವನನ್ನು ಒಮ್ಮೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಸಿಜಿ ಮಾಡಿಸಿ. ಹೊರಗೆ ಏನೂ ಕಾಣದೇ ಇದ್ದರೂ ಒಳಗೆ ಮಾಂಸಖಂಡ ಸುಟ್ಟಿರಬಹುದು, ಬಡಿತದಲ್ಲಿ ಏರುಪೇರು ಇರಬಹುದು. ಮೂತ್ರ ಕಂದು ಬಣ್ಣಕ್ಕೆ ತಿರುಗಿತ್ತಾ ಅಂತಲೂ ಕೇಳಿ, ಹಾಗಿದ್ದರೆ ತಡ ಮಾಡಬೇಡಿ. ಕೂಲಿ ಹೋಗುತ್ತದೆ ಅಂತ ಅವರು ಹೇಳುವುದಿಲ್ಲ, ನಾವೇ ಕೇಳಬೇಕು. ಆ ದಿನದ ಕೂಲಿ ಕೊಟ್ಟೇ ಕಳಿಸಿ.

ಯಾರಿಗಾದರೂ ಶಾಕ್ ಹೊಡೆಯುತ್ತಿದ್ದರೆ ಮುಟ್ಟಬೇಡಿ. ಮೇನ್ ಆಫ್ ಮಾಡಿ. ಬೋರ್ಡ್ ಎಲ್ಲಿದೆ ಅಂತ ಪ್ರತಿಯೊಬ್ಬರಿಗೂ ಗೊತ್ತಿರಬೇಕು, ಅದರ ಮುಂದೆ ಸಿಮೆಂಟ್ ಚೀಲ ಪೇರಿಸಿರಬಾರದು. ಆಫ್ ಮಾಡಲು ಆಗದಿದ್ದರೆ ಒಣಗಿದ ಮರದ ತುಂಡಿನಿಂದ ವೈರ್ ತಳ್ಳಿ. ನಮ್ಮ ಕಡೆ ಮಳೆಗಾಲದಲ್ಲಿ ಒಣಗಿದ ಕೋಲು ಸಿಗುವುದೇ ಕಷ್ಟ, ಆದ್ದರಿಂದ ಒಂದನ್ನು ಬೋರ್ಡ್ ಪಕ್ಕ ಟಾರ್ಪಾಲಿನ ಒಳಗೇ ಇಡಿ. ಇದೆಲ್ಲ ಮನೆ ಕರೆಂಟಿಗೆ ಮಾತ್ರ. 11 ಕೆವಿ ಲೈನ್ ತಗುಲಿದ್ದರೆ ಕೋಲು ಹಿಡಿದೂ ಹತ್ತಿರ ಹೋಗಬಾರದು, ದೂರ ನಿಂತು 1912ಕ್ಕೆ ಫೋನ್ ಮಾಡಿ ಲೈನ್ ಆಫ್ ಮಾಡಿಸಿ.

ಬಿಡಿಸಿದ ಮೇಲೆ ಕರೆದರೆ ಓಗೊಡುತ್ತಿಲ್ಲ, ಉಸಿರು ಸರಿಯಾಗಿ ಇಲ್ಲ ಅಂದರೆ ಒಬ್ಬರು 108ಕ್ಕೆ ಕರೆ ಮಾಡಲಿ, ಇನ್ನೊಬ್ಬರು ಎದೆ ಒತ್ತಲು ಶುರು ಮಾಡಲಿ. ಎದೆಯ ನಟ್ಟನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, ಮೊಣಕೈ ಮಡಚದೆ, 5 ಸೆಂಟಿಮೀಟರ್ ಒಳಗೆ ಹೋಗುವ ಹಾಗೆ, ನಿಮಿಷಕ್ಕೆ 100ರಿಂದ 120 ಸಲ. ಸುಸ್ತಾದರೆ ಇನ್ನೊಬ್ಬರು ಕೈ ಬದಲಾಯಿಸಿ, ಆದರೆ ನಿಲ್ಲಿಸಬೇಡಿ. ನೀರು ಕುಡಿಸುವುದು, ಮೈ ಉಜ್ಜುವುದು, ಎತ್ತಿಕೊಂಡು ಜೀಪಿಗೆ ಹಾಕಿ ಓಡುವುದು, ಇದರಲ್ಲೇ ಅಮೂಲ್ಯ ನಿಮಿಷ ಹೋಗಿಬಿಡುತ್ತದೆ. ಹೊಸನಗರ ಕಡೆಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಒಂದು ಗಂಟೆಗಿಂತ ಜಾಸ್ತಿ ದಾರಿ. ನಿಂತ ಹೃದಯ ಅಷ್ಟು ಹೊತ್ತು ಕಾಯುವುದಿಲ್ಲ. ಎದೆ ಒತ್ತುವ ಕೈ ಸೈಟ್‌ನಲ್ಲೇ ಇರಬೇಕು.


ಗುಡ್ಡದಮನೆ (ಹೊಸನಗರ):

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ನಿಮ್ಮ ಉತ್ತರಗಳನ್ನು ವೈರ್‌ಮನ್‌ಗೆ ಓದಿ ಹೇಳಿದೆ. ಮೊದಲು ಸ್ವಲ್ಪ ಮುಖ ಗಂಟಿಕ್ಕಿದರು. 16 ಆಂಪ್, 20 ಓಮ್ ಲೆಕ್ಕ ಓದಿದ ಮೇಲೆ ತಾವೇ ಕೂತು ಇನ್ನೊಂದು ಸಲ ಲೆಕ್ಕ ಹಾಕಿದರು. ಮರುದಿನ ಮೆಗ್ಗರ್ ತಂದರು.

ಇಸ್ತ್ರಿ ಪೆಟ್ಟಿಗೆ ಬೋರ್ಡ್‌ನಲ್ಲಿ ನಡೆಯಿತು. ಉದ್ದದ ವೈರ್‌ನ ಆಚೆ ತುದಿಯಲ್ಲಿ ಹಾಕಿದರೆ ಬಿತ್ತು. ಟೇಪ್ ಬಿಚ್ಚಿದರೆ ಜಾಯಿಂಟ್ ಒಳಗೆ ನೀರು, ತಾಮ್ರ ಹಸಿರಾಗಿತ್ತು. ಆ ವೈರನ್ನು ಪೂರ್ತಿ ತೆಗೆಸಿ ಹೊಸ ಮೂರು ಕೋರಿನ ಕೇಬಲ್ ತಂದೆವು. ವೈಬ್ರೇಟರ್ ಕೂಡ ಮೆಗ್ಗರ್‌ನಲ್ಲಿ ಪಾಸಾಗಲಿಲ್ಲ. ಪ್ಲಗ್ ಬಿಚ್ಚಿದರೆ ಹಸಿರು ವೈರ್ ಒಳಗೆ ಮಡಚಿ ಇಟ್ಟಿದ್ದರು, ಪಿನ್ನಿಗೆ ಕೊಟ್ಟೇ ಇರಲಿಲ್ಲ. ಮಷಿನ್ ವಾಪಸ್ ಕಳಿಸಿ, ಸಾಗರದಿಂದ ಪೆಟ್ರೋಲ್‌ದು ತರಿಸಲು ಹೇಳಿದ್ದೇನೆ. ಎರಡನೇ ಆರ್‌ಸಿಸಿಬಿಯೂ ಹಾಕಿದ್ದಾರೆ. ನಿನ್ನೆ ಇಡೀ ರಾತ್ರಿ ಮಳೆ, ಬೆಳಿಗ್ಗೆ ನೋಡಿದರೆ ಎರಡೂ ಬಿದ್ದಿರಲಿಲ್ಲ.

ಹುಡುಗನಿಗೆ ಇಸಿಜಿ ಮಾಡಿಸಿದೆವು, ಸರಿ ಇದೆ ಅಂದರು ಡಾಕ್ಟರು. ಸೆಕ್ಷನ್ ಆಫೀಸಿಗೂ ಅರ್ಜಿ ಕೊಟ್ಟು ಬಂದೆ. ಹಿಂದಿನ ಕಡೆ ಇಳಿಸಿದ್ದ ಕಂಬಿಯನ್ನೆಲ್ಲ ಮುಂದೆ ಹಾಕಿಸಿದ್ದೇನೆ.

ಒಂದೇ ಒಂದು ಕೊನೆಯ ಪ್ರಶ್ನೆ. ಮಳೆ ಗಾಳಿಗೆ ನಮ್ಮಲ್ಲಿ ಕರೆಂಟ್ ಹೋದರೆ ದಿನಗಟ್ಟಲೆ ಬರುವುದಿಲ್ಲ. ಪಕ್ಕದ ಮನೆಯವರು ಜನರೇಟರ್ ಕೊಡುತ್ತೇನೆ ಅಂದಿದ್ದಾರೆ. ಬೋರ್ಡ್‌ಗೆ ಕೊಟ್ಟರೆ ಆಯಿತಾ?


ಹಳೇವೈರ್‌ಮನ್ (ಶಿವಮೊಗ್ಗ):

ಬಹಳ ಸಂತೋಷ ಆಯಿತು ಅಕ್ಕ. ನಿಮ್ಮ ವೈರ್‌ಮನ್‌ಗೂ ನನ್ನ ನಮಸ್ಕಾರ ಹೇಳಿ. ಲೆಕ್ಕ ಹಾಕಿ ನೋಡಿ ಒಪ್ಪುವವರು ಕಡಿಮೆ.

ಜನರೇಟರ್‌ನ ವೈರನ್ನು ಬೋರ್ಡ್‌ನ ಸಾಕೆಟ್‌ಗೆ ಉಲ್ಟಾ ಕೊಡುವುದು ಮಾತ್ರ ಬೇಡವೇ ಬೇಡ. ಆ ಕರೆಂಟ್ ಮೀಟರ್ ದಾಟಿ ಕಂಬಕ್ಕೆ ಹೋಗುತ್ತದೆ, ಅಲ್ಲಿಂದ ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರ್‌ಗೆ. ಟಿಸಿ ಅದನ್ನು ತಿರುಗಿಸಿ 11 ಕೆವಿ ಮಾಡಿ ಲೈನಿಗೆ ಬಿಡುತ್ತದೆ. ಲೈನ್ ಆಫ್ ಇದೆ ಅಂತ ನಂಬಿ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ ಅದಕ್ಕೆ ಬಲಿಯಾಗುತ್ತಾನೆ. ಬೋರ್ಡ್‌ಗೆ ಕೊಡಲೇಬೇಕಿದ್ದರೆ ಎರಡೂ ವೈರ್ ಬದಲಾಯಿಸುವ ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಸಣ್ಣ ಜನರೇಟರ್‌ಗಳಲ್ಲಿ ಇನ್ನೊಂದು ಸಮಸ್ಯೆ ಇದೆ. ಅದರ ನ್ಯೂಟ್ರಲ್ ಎಲ್ಲಿಯೂ ಅರ್ಥ್‌ಗೆ ಸೇರಿರುವುದಿಲ್ಲ. ಹಾಗಿದ್ದಾಗ ಸೋರಿದ ಕರೆಂಟಿಗೆ ವಾಪಸ್ ಹೋಗುವ ದಾರಿ ಇರುವುದಿಲ್ಲ, ಆರ್‌ಸಿಸಿಬಿ ಬೀಳಬೇಕಾದಾಗಲೂ ಬೀಳದೇ ಇರಬಹುದು. ಜನರೇಟರ್ ಹತ್ತಿರವೇ, ಆರ್‌ಸಿಸಿಬಿಗಿಂತ ಮೊದಲು, ನ್ಯೂಟ್ರಲನ್ನು ಬಾಡಿಗೂ ಅರ್ಥ್‌ಗೂ ಸೇರಿಸಿಕೊಡಲು ವೈರ್‌ಮನ್‌ಗೆ ಹೇಳಿ.

ಆದರೆ ನಿಮಗೆ ಈಗ ಜನರೇಟರ್ ಯಾಕೆ? ಮಿಲ್ಲರ್ ಡೀಸೆಲ್, ವೈಬ್ರೇಟರ್ ಪೆಟ್ರೋಲ್. ನೀರನ್ನು ಹಿಂದಿನ ದಿನವೇ ಡ್ರಮ್‌ಗಳಲ್ಲಿ ತುಂಬಿಸಿಡಿ. ಸಂಜೆ ಕತ್ತಲಾದರೆ ಎರಡು ಚಾರ್ಜಿಂಗ್ ಲೈಟ್ ಸಾಕು. ಸ್ಲ್ಯಾಬ್ ದಿನ ಬೋರ್ಡ್‌ನ ಮೇನನ್ನೇ ಆಫ್ ಮಾಡಿ ಬೀಗ ಹಾಕಿಬಿಡಿ.

ಆರ್‌ಸಿಸಿಬಿ ಮಾತ್ರ ಸ್ಲ್ಯಾಬ್ ಮುಗಿಯಿತು ಅಂತ ತೆಗೆಸಬೇಡಿ. ಮುಂದೆ ಕ್ಯೂರಿಂಗ್‌ಗೆ ಪಂಪ್ ಓಡುತ್ತದೆ, ಆಮೇಲೆ ಗ್ರಾನೈಟ್ ಮತ್ತು ಟೈಲ್ಸ್‌ನವರು ಬರುತ್ತಾರೆ. ಅವರು ನೀರು ಬಿಟ್ಟುಕೊಂಡೇ ಕಟಿಂಗ್ ಮಾಡುವುದು, ಒದ್ದೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು. ಅವರ ಮಷಿನ್‌ಗೂ ಪ್ಲಗ್ ಬಿಚ್ಚಿ ಹಸಿರು ವೈರ್ ನೋಡಿಸಿದ ಮೇಲೆಯೇ ಕರೆಂಟ್ ಕೊಡಿ.